ಗುತ್ತಿಗೆಯ ಲೆಕ್ಕ ಕೇಳಿದ ಸೆನೆಟರ್: ಹ್ಯಾರಿ ಟ್ರೂಮನ್

ಹ್ಯಾರಿ ಎಸ್. ಟ್ರೂಮನ್ ಎಂಬ ಹೆಸರು ಚರಿತ್ರೆಯ ಪಾಠದಲ್ಲಿ ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ ಬರುತ್ತದೆ. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ ಮತ್ತು ನಾಗಸಾಕಿ ನಗರಗಳ ಮೇಲೆ ಅಣುಬಾಂಬು ಬಿದ್ದಾಗ ಅಮೆರಿಕದ ಅಧ್ಯಕ್ಷ ಪದವಿಯಲ್ಲಿದ್ದವರು ಅವರು. ಆ ಒಂದು ನಿರ್ಣಯದ ಭಾರವೇ ಎಷ್ಟೆಂದರೆ, ಅದಕ್ಕೆ ಹಿಂದಿನ ಅವರ ಬದುಕೆಲ್ಲ ಅದರ ನೆರಳಿನಲ್ಲಿ ಮರೆಯಾಗಿದೆ. ಆದರೆ ಅವರನ್ನು ಆ ಪದವಿಯ ಹತ್ತಿರಕ್ಕೆ ತಂದದ್ದು ಯುದ್ಧಸಾಹಸವಲ್ಲ, ವಾಗ್ಮಿತೆಯೂ ಅಲ್ಲ. ಸರಕಾರವು ಖಾಸಗಿ ಕಂಪನಿಗಳೊಡನೆ ಮಾಡಿಕೊಂಡ ಗುತ್ತಿಗೆಗಳ ಲೆಕ್ಕವನ್ನು ಪಟ್ಟುಹಿಡಿದು ಕೇಳಿದ ಮೂರೂವರೆ ವರ್ಷಗಳ ಕೆಲಸ ಅವರನ್ನು ಅಲ್ಲಿಗೆ ಒಯ್ದಿತು. ಸಾರ್ವಜನಿಕ ಹಣ ಎಲ್ಲಿ ಸೋರುತ್ತದೆ, ಅದನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ಎಲ್ಲ ನಾಡಿನದೂ ಹೌದು. ಆದ್ದರಿಂದ ಅವರ ಬದುಕಿನ ಈ ಭಾಗವನ್ನು ತುಸು ವಿವರವಾಗಿ ತಿಳಿಯುವುದು ಉಚಿತ.

ಹಾಜರಿ ಬರೆದ ಯುವಕ

ಟ್ರೂಮನ್ ಅವರು ಹುಟ್ಟಿದ್ದು 1884ರ ಮೇ 8ರಂದು, ಮಿಸೌರಿ ರಾಜ್ಯದ ಲಾಮಾರ್ ಎಂಬ ಸಣ್ಣ ಊರಿನಲ್ಲಿ. ತಂದೆ ಜಾನ್ ಆಂಡರ್ಸನ್ ಟ್ರೂಮನ್, ತಾಯಿ ಮಾರ್ತಾ ಎಲೆನ್. ಕುಟುಂಬ ಮುಂದೆ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ ನೆಲೆಸಿತು. ಬಾಲ್ಯದಿಂದಲೇ ದೃಷ್ಟಿದೋಷವಿದ್ದುದರಿಂದ ದಪ್ಪ ಕನ್ನಡಕ ಬಂತು. ಆಟಕ್ಕಿಂತ ಓದು ಹೆಚ್ಚಾಯಿತು. ಪ್ರೌಢಶಾಲೆ ಮುಗಿಯುವ ಹೊತ್ತಿಗೆ ತಂದೆ ಧಾನ್ಯದ ಸಟ್ಟಾ ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದರು. ಕಾಲೇಜಿನ ಮಾತು ಅಲ್ಲಿಗೇ ನಿಂತಿತು. ಇಪ್ಪತ್ತನೆಯ ಶತಮಾನದ ಅಮೆರಿಕದ ಅಧ್ಯಕ್ಷರಲ್ಲಿ ಕಾಲೇಜು ಪದವಿಯಿಲ್ಲದವರು ಅವರೊಬ್ಬರೇ.

ಅವರ ಮೊದಲ ಕೆಲಸಗಳಲ್ಲೊಂದು ರೈಲು ಹಳಿ ಹಾಕುತ್ತಿದ್ದ ಗುತ್ತಿಗೆದಾರನೊಬ್ಬನ ಬಳಿ ಕೂಲಿಗಳ ಹಾಜರಿ ಬರೆಯುವುದು. ಹಳಿಯುದ್ದಕ್ಕೂ ಚದುರಿದ ಬಿಡಾರಗಳಲ್ಲಿ ನೂರಾರು ಮಂದಿ ದುಡಿಯುತ್ತಿದ್ದರು. ಕೈಯಿಂದ ನಡೆಸುವ ಟ್ರಾಲಿಯಲ್ಲಿ ಬಿಡಾರದಿಂದ ಬಿಡಾರಕ್ಕೆ ಹೋಗಿ ಯಾರು ಬಂದಿದ್ದಾರೆ, ಎಷ್ಟು ಹೊತ್ತು ದುಡಿದಿದ್ದಾರೆ ಎಂದು ಬರೆದುಕೊಳ್ಳಬೇಕಿತ್ತು. ಪಗಾರದ ಚೀಟಿ ಹಂಚುವುದು ಸಾರಾಯಿ ಅಂಗಡಿಯಲ್ಲಿ. ಹಣವೆಲ್ಲ ಅಲ್ಲಿಯೇ ಕರಗಿದರೆ ಆಳುಗಳು ಮತ್ತೆ ಕೆಲಸಕ್ಕೆ ಬಂದೇ ಬರುತ್ತಾರೆಂಬ ಲೆಕ್ಕಾಚಾರ ಗುತ್ತಿಗೆದಾರನದು. ಗುತ್ತಿಗೆಯ ಕೆಲಸವೆಂದರೆ ಒಳಗಿನಿಂದ ಏನು ಎಂಬುದನ್ನು ಹದಿನೆಂಟರ ಆಸುಪಾಸಿನಲ್ಲಿಯೇ ಅವರು ಕಂಡರು.

ಬಳಿಕ ಬ್ಯಾಂಕಿನ ಗುಮಾಸ್ತಿಕೆ, 1906ರಿಂದ ಸುಮಾರು ಹತ್ತು ವರ್ಷ ಗ್ರಾಂಡ್‌ವ್ಯೂ ಊರಿನ ಹೊಲದಲ್ಲಿ ಬೇಸಾಯ. ತಂದೆ ಆ ಭಾಗದ ರಸ್ತೆಗಳ ಮೇಲ್ವಿಚಾರಕರಾಗಿದ್ದರು. ದಾರಿಗೆ ಅಡ್ಡವಿದ್ದ ಬಂಡೆಯೊಂದನ್ನು ಸರಿಸಲು ಹೋಗಿ ಪೆಟ್ಟಾಗಿ, ಶಸ್ತ್ರಚಿಕಿತ್ಸೆಯ ಬಳಿಕ 1914ರಲ್ಲಿ ತೀರಿಕೊಂಡರು. ಆ ಕೆಲಸ ಸ್ವಲ್ಪ ಕಾಲ ಮಗನ ಪಾಲಿಗೆ ಬಂತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಆಗಿ ಹೆಸರು ಗಳಿಸಿದರು. 1919ರಲ್ಲಿ ಬೆಸ್ ವಾಲೇಸ್ ಅವರೊಡನೆ ವಿವಾಹವಾಯಿತು. ಅದೇ ವರ್ಷ ಗೆಳೆಯನೊಡನೆ ಕನ್ಸಾಸ್ ಸಿಟಿಯಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದರು. ಮೂರು ವರ್ಷಗಳಲ್ಲಿ ಅದು ಮುಚ್ಚಿತು. ಅದರ ಸಾಲವನ್ನು ತೀರಿಸಲು ಮುಂದೆ ಅನೇಕ ವರ್ಷಗಳು ಬೇಕಾದವು.

ರಸ್ತೆಗಳು ಮತ್ತು ಧಣಿ

ಅಂಗಡಿ ಮುಚ್ಚಿದ 1922ರಲ್ಲಿಯೇ ಅವರು ಜಾಕ್ಸನ್ ಕೌಂಟಿಯ ಆಡಳಿತ ಮಂಡಳಿಗೆ ಚುನಾಯಿತರಾದರು. ಅಲ್ಲಿ ಆ ಸ್ಥಾನವನ್ನು ನ್ಯಾಯಾಧೀಶ ಎಂದು ಕರೆಯುವ ರೂಢಿಯಿದ್ದರೂ ಕೆಲಸ ನಮ್ಮ ಜಿಲ್ಲಾ ಪಂಚಾಯತಿಯದಕ್ಕೆ ಹತ್ತಿರವಾದುದು: ರಸ್ತೆ, ಕಟ್ಟಡ, ತೆರಿಗೆ, ಲೆಕ್ಕ. ಅವರನ್ನು ಚುನಾವಣೆಗೆ ನಿಲ್ಲಿಸಿದ್ದು ಕನ್ಸಾಸ್ ಸಿಟಿಯ ರಾಜಕೀಯವನ್ನೆಲ್ಲ ಅಂಗೈಯಲ್ಲಿಟ್ಟುಕೊಂಡಿದ್ದ ಪೆಂಡರ್‌ಗಾಸ್ಟ್ ಕೂಟ. ಆ ಕೂಟದ ಧಣಿ ಟಾಮ್ ಪೆಂಡರ್‌ಗಾಸ್ಟ್ ಮತಗಳನ್ನೂ ಹುದ್ದೆಗಳನ್ನೂ ಹಂಚುತ್ತಿದ್ದಂತೆಯೇ ಸಿದ್ಧ ಕಾಂಕ್ರೀಟ್ ಮಾರುವ ಕಂಪನಿಯನ್ನೂ ನಡೆಸುತ್ತಿದ್ದನು. ಸರಕಾರಿ ಕಾಮಗಾರಿ ಹೆಚ್ಚಿದಷ್ಟೂ ಕಾಂಕ್ರೀಟಿಗೆ ಬೇಡಿಕೆ ಹೆಚ್ಚುತ್ತಿತ್ತು.

ನಡುವೆ ಒಮ್ಮೆ ಸೋತು, 1926ರಲ್ಲಿ ಮಂಡಳಿಯ ಮುಖ್ಯಸ್ಥರಾಗಿ ಗೆದ್ದ ಟ್ರೂಮನ್ ಅವರ ಎದುರಿಗೆ ಇದ್ದದ್ದು ಹಾಳಾದ ರಸ್ತೆಗಳ ಸಮಸ್ಯೆ. ಕಳಪೆ ಕೆಲಸದಿಂದ ರಸ್ತೆಗಳು ಕೆಲವೇ ಮಳೆಗೆ ಕಿತ್ತುಹೋಗುತ್ತಿದ್ದವು. ಅವರು ಮೊದಲು ಮಾಡಿದ್ದು ಇಬ್ಬರು ಎಂಜಿನಿಯರುಗಳಿಂದ ಇಡೀ ಕೌಂಟಿಯ ರಸ್ತೆಗಳ ಸಮೀಕ್ಷೆ. ಒಬ್ಬರು ತಮ್ಮದೇ ಡೆಮಾಕ್ರಟಿಕ್ ಪಕ್ಷದವರು, ಇನ್ನೊಬ್ಬರು ವಿರೋಧಿ ರಿಪಬ್ಲಿಕನ್ ಪಕ್ಷದವರು. ಯಾವ ರಸ್ತೆ, ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ವೆಚ್ಚ ಎಂಬ ಅಂದಾಜು ಸಿದ್ಧವಾದ ಬಳಿಕ 1928ರಲ್ಲಿ 65 ಲಕ್ಷ ಡಾಲರುಗಳ ರಸ್ತೆ ಸಾಲಕ್ಕೆ ಜನರ ಒಪ್ಪಿಗೆ ಕೇಳಿದರು. ಅತಿ ಕಡಿಮೆ ದರ ಹೇಳಿದ ಅರ್ಹ ಬಿಡ್‌ದಾರನಿಗೇ ಕೆಲಸ ಎಂದು ಮತದಾರರಿಗೆ ಮಾತು ಕೊಟ್ಟರು. ಮತದಾರರು ನಂಬಿದರು.

ಸಾಲ ಮಂಜೂರಾದ ಮೇಲೆ ಧಣಿಯ ಕಚೇರಿಯಿಂದ ಕರೆ ಬಂತು. ಅಲ್ಲಿ ಕೂಟದ ಪರಿಚಿತ ಗುತ್ತಿಗೆದಾರರು ಕಾದು ಕುಳಿತಿದ್ದರು. ಸ್ಥಳೀಯರಾದ ತಮಗೇ ಕೆಲಸ ಸಲ್ಲಬೇಕೆಂದು ಅವರ ವಾದ. ಟ್ರೂಮನ್ ಅವರು ತಾವು ಜನರಿಗೆ ಕೊಟ್ಟ ಮಾತನ್ನು ಅಲ್ಲಿಯೇ ಮತ್ತೆ ಹೇಳಿ ಹೊರಬಂದರು. ದೊಡ್ಡ ಗುತ್ತಿಗೆಗಳಲ್ಲಿ ಮೊದಲನೆಯದು ದೂರದ ದಕ್ಷಿಣ ಡಕೋಟಾ ರಾಜ್ಯದ ಕಂಪನಿಗೆ ಹೋಯಿತು. ಸಾವಿರಾರು ಮತಗಳನ್ನು ತಂದುಕೊಡುವ ವ್ಯಕ್ತಿಯ ಪ್ರಾಮಾಣಿಕತೆಯೂ ಕೂಟಕ್ಕೆ ಉಪಯುಕ್ತವೆಂದು ಪೆಂಡರ್‌ಗಾಸ್ಟ್ ಎಣಿಸಿರಬೇಕು; ಅವರನ್ನು ತಡೆಯಲಿಲ್ಲ. ಇನ್ನೂರಕ್ಕೂ ಹೆಚ್ಚು ಮೈಲಿ ಗಟ್ಟಿ ಕಾಂಕ್ರೀಟ್ ರಸ್ತೆ ಕೌಂಟಿಗೆ ದಕ್ಕಿತು. ಹೊಸ ನ್ಯಾಯಾಲಯ ಕಟ್ಟಡಕ್ಕೆ ಮುನ್ನ ಅವರು ಸ್ವಂತ ಕಾರಿನಲ್ಲಿ ಸ್ವಂತ ಖರ್ಚಿನಿಂದ ಹಲವು ರಾಜ್ಯಗಳನ್ನು ಸುತ್ತಿ, ಇತರ ಕಟ್ಟಡಗಳನ್ನು ನೋಡಿ, ಬಳಿಕ ವಾಸ್ತುಶಿಲ್ಪಿಯನ್ನು ಗೊತ್ತುಮಾಡಿದರು.

ಆದರೂ ಕೈಗೆ ಕೆಸರು ಅಂಟದೇ ಇರಲಿಲ್ಲ. ಅವರು ಆ ವರ್ಷಗಳಲ್ಲಿ ಹೋಟೆಲೊಂದರ ಕೋಣೆಯಲ್ಲಿ ಕುಳಿತು ಬರೆದಿಟ್ಟ ಖಾಸಗಿ ಟಿಪ್ಪಣಿಗಳು ಅವರ ಮರಣಾನಂತರ ಓದುಗರ ಗಮನ ಸೆಳೆದಿವೆ. ಸಾಲದ ದೊಡ್ಡ ಮೊತ್ತವನ್ನು ಕಳ್ಳರಿಂದ ಉಳಿಸಲು ಧಣಿಯ ಗೆಳೆಯನೊಬ್ಬ ಕೌಂಟಿಯ ಬೊಕ್ಕಸದಿಂದ ಸುಮಾರು 10,000 ಡಾಲರು ಕಬಳಿಸುವುದನ್ನು ತಾವು ಕಂಡೂ ಸುಮ್ಮನಿರಬೇಕಾಯಿತೆಂದು ಅಲ್ಲಿ ಅವರು ಬರೆದುಕೊಂಡಿದ್ದಾರೆ. ತಾವು ಮಾಡಿದ್ದು ಸರಿಯೇ ತಪ್ಪೇ ಎಂದು ತಮ್ಮನ್ನೇ ಕೇಳಿಕೊಂಡಿದ್ದಾರೆ. ಅವರನ್ನು ಸಂತರೆಂದು ಕರೆಯಲು ಈ ಪುಟಗಳು ಬಿಡುವುದಿಲ್ಲ. ಆದರೆ ಕೂಟದ ಹಣದ ದಾರಿಗಳನ್ನು ಅಷ್ಟು ಹತ್ತಿರದಿಂದ ಬಲ್ಲವರು ವಾಷಿಂಗ್ಟನ್ನಿನಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಹೆಸರಿಗಂಟಿದ ಕಳಂಕ

1934ರಲ್ಲಿ ಅದೇ ಕೂಟದ ಬೆಂಬಲದಿಂದ ಟ್ರೂಮನ್ ಅವರು ಅಮೆರಿಕದ ಸೆನೆಟ್ಟಿಗೆ ಆಯ್ಕೆಯಾದರು. ಪೆಂಡರ್‌ಗಾಸ್ಟನ ಸೆನೆಟರ್ ಎಂಬ ಹಂಗಿಸುವ ಹೆಸರು ಅವರಿಗಿಂತ ಮೊದಲೇ ರಾಜಧಾನಿ ತಲಪಿತ್ತು. 1939ರಲ್ಲಿ ಪೆಂಡರ್‌ಗಾಸ್ಟ್ ಆದಾಯ ತೆರಿಗೆ ವಂಚನೆಗಾಗಿ ಸೆರೆಮನೆ ಸೇರಿದನು. 1940ರಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲಿ ಟ್ರೂಮನ್ ಅವರು ಸುಮಾರು 8,000 ಮತಗಳ ಅಂತರದಿಂದ ಪಾರಾದರು. ಅದೇ ಬೇಸಗೆಯಲ್ಲಿ, ಕೌಂಟಿಯ ಶಾಲಾ ನಿಧಿಯಿಂದ ಪಡೆದ ಸಾಲ ತೀರದೆ, ಅವರ ವೃದ್ಧ ತಾಯಿಯ ಹೊಲ ಕೈತಪ್ಪಿತು. ಕೋಟಿಗಟ್ಟಲೆ ಸಾರ್ವಜನಿಕ ಹಣ ಯಾರ ಕೈಮೂಲಕ ಹಾದುಹೋಗಿತ್ತೋ ಅವರಿಂದ ತಾಯಿಯ ನೆಲವನ್ನು ಉಳಿಸಿಕೊಳ್ಳಲಾಗಲಿಲ್ಲ. ಅವರ ಪ್ರಾಮಾಣಿಕತೆಗೆ ಇದಕ್ಕಿಂತ ಕಹಿಯಾದ ಪುರಾವೆ ಬೇರೆ ಬೇಡ.

ಬಿಡಾರಗಳ ಬಯಲಿನಲ್ಲಿ

ಯೂರೋಪು ಯುದ್ಧದಲ್ಲಿ ಮುಳುಗಿತ್ತು. ಅಮೆರಿಕ ಇನ್ನೂ ಕಣಕ್ಕಿಳಿಯದಿದ್ದರೂ 1940ರ ಸೆಪ್ಟೆಂಬರಿನಲ್ಲಿ ಕಡ್ಡಾಯ ಸೇನಾ ಭರ್ತಿಯ ಕಾನೂನು ಬಂತು. 14 ಲಕ್ಷ ಮಂದಿಯ ಸೇನೆಗೆ ತಂಗಲು ತಾಣ ಬೇಕು. ಅದೂ ಕೆಲವೇ ತಿಂಗಳಲ್ಲಿ. ನಕ್ಷೆಗಳು ಸಿದ್ಧವಿರಲಿಲ್ಲ, ಸ್ಥಳಗಳ ಪರಿಶೀಲನೆ ಆಗಿರಲಿಲ್ಲ. ಮಿಸೌರಿಯ ಫೋರ್ಟ್ ಲೆನಾರ್ಡ್ ವುಡ್ ಎಂಬಲ್ಲಿ ಎದ್ದುಬರುತ್ತಿದ್ದ ಸೇನಾ ಶಿಬಿರದಲ್ಲಿ ಹಣ ನೀರಿನಂತೆ ಹರಿಯುತ್ತಿದೆಯೆಂದು ಮತದಾರರು ಟ್ರೂಮನ್ ಅವರಿಗೆ ಪತ್ರ ಬರೆದರು. 1941ರ ಆರಂಭದಲ್ಲಿ ಅವರು ತಮ್ಮ ಕಾರನ್ನೇರಿ ಹೊರಟರು. ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾವಿರಾರು ಮೈಲಿ ಸುತ್ತಿದರು. ಬೆಲೆಬಾಳುವ ಸಾಮಗ್ರಿ ಮಳೆ ಹಿಮದಲ್ಲಿ ನೆನೆಯುತ್ತಿತ್ತು. ಕೆಲಸವಿಲ್ಲದೆ ನಿಂತ ಆಳುಗಳಿಗೂ ಪೂರ್ಣ ಪಗಾರ ಸಲ್ಲುತ್ತಿತ್ತು. ಎಂದೋ ಹಾಜರಿ ಬರೆದಿದ್ದವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಯಿತು.

ಮೂಲ ದೋಷ ಇದ್ದುದು ಗುತ್ತಿಗೆಯ ಸ್ವರೂಪದಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತಗಲಿದ ವೆಚ್ಚದ ಮೇಲೆ ಶೇಕಡಾವಾರು ಲಾಭ ಕೊಡುವ ಗುತ್ತಿಗೆಗಳಿದ್ದವು. ಶೇಕಡಾ 10ರ ಲಾಭವೆಂದಿಟ್ಟುಕೊಳ್ಳೋಣ. 100 ಡಾಲರು ಖರ್ಚು ಮಾಡಿದವನಿಗೆ 10 ಡಾಲರು ಲಾಭ. ಅದೇ ಕೆಲಸಕ್ಕೆ 200 ಖರ್ಚು ಮಾಡಿದವನಿಗೆ 20. ದುಂದು ಮಾಡಿದವನಿಗೇ ಬಹುಮಾನ. ಆ ಪಾಠ ಕಲಿತ ಸರಕಾರ ಈ ಸಲ ತಗಲಿದ ವೆಚ್ಚದ ಜೊತೆಗೆ ಮೊದಲೇ ನಿಗದಿಪಡಿಸಿದ ಶುಲ್ಕ ಕೊಡುವ ಪದ್ಧತಿಗೆ ಹೊರಳಿತ್ತು. ನಕ್ಷೆಯೇ ಇಲ್ಲದ ಕೆಲಸಕ್ಕೆ ಒಟ್ಟು ದರ ಹೇಳಲು ಯಾವ ಗುತ್ತಿಗೆದಾರನೂ ಒಪ್ಪನು. ಆದ್ದರಿಂದ ಇದರ ಹೊರತು ದಾರಿಯಿಲ್ಲವೆಂದು ಸೇನೆಯ ವಾದ.

ಶುಲ್ಕ ನಿಗದಿಯಾದ ಮಾತ್ರಕ್ಕೆ ಸೋರಿಕೆ ನಿಲ್ಲಲಿಲ್ಲ. ಶುಲ್ಕವನ್ನು ಅಂದಾಜು ವೆಚ್ಚ ನೋಡಿ ಗೊತ್ತುಮಾಡುತ್ತಿದ್ದರು. ಆದ್ದರಿಂದ ಅಂದಾಜು ಹಿಗ್ಗಿದಷ್ಟೂ ಶುಲ್ಕ ಹಿಗ್ಗುತ್ತಿತ್ತು. ಖರ್ಚು ಎಷ್ಟಾದರೂ ಸರಕಾರವೇ ತುಂಬುವುದರಿಂದ ಮಿತವ್ಯಯದ ಚಿಂತೆ ಗುತ್ತಿಗೆದಾರನಿಗಿರಲಿಲ್ಲ. ಅದಕ್ಕಿಂತ ಸೂಕ್ಷ್ಮವಾದ ದಾರಿ ಯಂತ್ರಗಳ ಬಾಡಿಗೆಯದು. ಅಗೆಯುವ ಯಂತ್ರ, ಲಾರಿಗಳನ್ನು ಬಾಡಿಗೆಗೆ ಪಡೆದಂತೆ ಲೆಕ್ಕ ಬರೆಯಲಾಗುತ್ತಿತ್ತು. ಎಷ್ಟೋ ಕಡೆ ಆ ಯಂತ್ರಗಳು ಗುತ್ತಿಗೆದಾರನವೇ. ಕೆಲವೇ ತಿಂಗಳ ಬಾಡಿಗೆ ಕೂಡಿದರೆ ಯಂತ್ರವನ್ನೇ ಕೊಳ್ಳಬಹುದಾದಷ್ಟು ದರ. ಹೀಗೆ ಲಾಭವು ಶುಲ್ಕದ ಬಾಗಿಲಿನಿಂದಲ್ಲದೆ ವೆಚ್ಚದ ಕಿಟಕಿಯಿಂದ ಒಳಬರುತ್ತಿತ್ತು.

15,000 ಡಾಲರುಗಳ ಸಮಿತಿ

1941ರ ಫೆಬ್ರವರಿ 10ರಂದು ಟ್ರೂಮನ್ ಅವರು ಸೆನೆಟ್ಟಿನಲ್ಲಿ ತಾವು ಕಂಡದ್ದನ್ನು ಹೇಳಿ, ರಕ್ಷಣಾ ಗುತ್ತಿಗೆಗಳ ವಿಚಾರಣೆಗೆ ವಿಶೇಷ ಸಮಿತಿ ಬೇಕೆಂದು ನಿರ್ಣಯ ಮಂಡಿಸಿದರು. ಮಾರ್ಚ್ 1ರಂದು ಬೆರಳೆಣಿಕೆಯ ಸದಸ್ಯರಿದ್ದ ಸಭೆಯಲ್ಲಿ ಅದು ಅಂಗೀಕಾರವಾಯಿತು. ಸರಕಾರದ ಖರ್ಚು ಶತಕೋಟಿ ಡಾಲರುಗಳ ಲೆಕ್ಕದಲ್ಲಿ ಓಡುತ್ತಿದ್ದಾಗ ಅದನ್ನು ಕಾಯುವ ಸಮಿತಿಗೆ ಸಿಕ್ಕಿದ್ದು 15,000 ಡಾಲರು. ಕಡಿಮೆ ಹಣ ಕೊಟ್ಟರೆ ಕಡಿಮೆ ಕೆಲಸವಾದೀತೆಂದು ಹಲವರು ಭಾವಿಸಿರಲೂಬಹುದು.

ಆ ಮೊತ್ತದಲ್ಲಿ 9,000 ಡಾಲರನ್ನು ಟ್ರೂಮನ್ ಅವರು ಹ್ಯೂ ಫುಲ್ಟನ್ ಎಂಬ ಸಮರ್ಥ ವಕೀಲರ ವೇತನಕ್ಕೆ ಇಟ್ಟರು. ಲೆಕ್ಕ ಓದಬಲ್ಲ ಒಬ್ಬ ಮನುಷ್ಯ ಸಿಕ್ಕರೆ ಉಳಿದುದನ್ನು ಹೊಂದಿಸಬಹುದೆಂಬ ನಂಬಿಕೆ. ಮೊದಲಿಗೆ ಏಳು ಮಂದಿ ಸದಸ್ಯರು: ಐವರು ಡೆಮಾಕ್ರಟರು, ಇಬ್ಬರು ರಿಪಬ್ಲಿಕನ್ನರು. ಟ್ರೂಮನ್ ಅವರು ಚರಿತ್ರೆಯ ಓದುಗರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸಂಸತ್ತಿನ ಸಮಿತಿಯೊಂದು ಸೇನಾಪತಿಗಳ ರಣತಂತ್ರದಲ್ಲಿ ಕೈಯಾಡಿಸಿ ಅಧ್ಯಕ್ಷ ಲಿಂಕನ್ ಅವರಿಗೆ ತಲೆನೋವಾಗಿದ್ದುದನ್ನು ಅವರು ಬಲ್ಲರು. ಆದ್ದರಿಂದ ರಣತಂತ್ರ ತಮ್ಮ ವಿಷಯವಲ್ಲವೆಂದು ಮೊದಲೇ ಗೆರೆ ಹಾಕಿದರು. ಸಮಿತಿಯ ಕೆಲಸ ಗುತ್ತಿಗೆ, ಸರಕು, ಗುಣಮಟ್ಟ, ಹಣ ಇವಿಷ್ಟೇ. ಇನ್ನೊಂದು ಕಟ್ಟಳೆಯೂ ಇತ್ತು: ವರದಿಯ ಕರಡನ್ನು ಸಂಬಂಧಪಟ್ಟವರಿಗೆ ಮೊದಲೇ ತೋರಿಸಿ, ಅಂಕಿಅಂಶಗಳ ತಪ್ಪು ತಿದ್ದಲು ಅವಕಾಶ ಕೊಡುವುದು. ಈ ಸಂಯಮದ ಫಲವಾಗಿ ಅವರ ಅಧ್ಯಕ್ಷತೆಯ ಕಾಲದ ವರದಿಗಳೆಲ್ಲ ಎರಡೂ ಪಕ್ಷಗಳ ಸರ್ವಾನುಮತದಿಂದ ಹೊರಬಂದವು.

ಶಿಬಿರಗಳ ಕುರಿತ ವರದಿ 1941ರ ಆಗಸ್ಟಿನಲ್ಲಿ ಬಂತು. ಯೋಜನೆಯಿಲ್ಲದ ಅವಸರ, ಬಾಡಿಗೆಯ ದುಂದು, ಕೆಲಸ ಸಿಗಬೇಕಾದರೆ ಆಳುಗಳು ಸಂಘಗಳಿಗೆ ತೆರಬೇಕಾದ ಪ್ರವೇಶಧನ, ಹಿಂದಿನ ಗಳಿಕೆಯ ಹಲವು ಪಟ್ಟು ಶುಲ್ಕ ಪಡೆದ ಗುತ್ತಿಗೆದಾರರು, ಎಲ್ಲವೂ ದಾಖಲಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಸೇನೆಯ ಕಟ್ಟಡ ಕಾಮಗಾರಿಗಳ ಹೊಣೆ ಕ್ವಾರ್ಟರ್‌ಮಾಸ್ಟರ್ ವಿಭಾಗದಿಂದ ಎಂಜಿನಿಯರುಗಳ ವಿಭಾಗಕ್ಕೆ ವರ್ಗವಾಯಿತು.

ಒಂದು ಡಾಲರಿನ ಅಧಿಕಾರಿಗಳು

ಸಮಿತಿ ಬಿಚ್ಚಿಟ್ಟ ಮತ್ತೊಂದು ಸಂಗತಿ ಮಾತುಕತೆಯ ಮೇಜಿನದು. ಯುದ್ಧ ಸಿದ್ಧತೆಗಾಗಿ ದೊಡ್ಡ ಕಂಪನಿಗಳ ನೂರಾರು ಅಧಿಕಾರಿಗಳು ವರ್ಷಕ್ಕೆ ಒಂದು ಡಾಲರಿನ ನಾಮಮಾತ್ರ ವೇತನಕ್ಕೆ ಸರಕಾರಿ ಕಚೇರಿ ಸೇರಿದ್ದರು. ತ್ಯಾಗದಂತೆ ಕಾಣುತ್ತಿತ್ತು. ಆದರೆ ಅವರ ನಿಜವಾದ ಸಂಬಳ ಅವರವರ ಕಂಪನಿಗಳಿಂದಲೇ ಬರುತ್ತಿತ್ತು. ಯಾವ ಸರಕು ಬೇಕು, ಯಾರಿಂದ ಬೇಕು ಎಂಬ ಸಲಹೆ ಕೊಡುವವರೂ ಅವರೇ. ಕೊಳ್ಳುವವನೂ ಮಾರುವವನೂ ಒಂದೇ ಬದಿಯಲ್ಲಿ ಕುಳಿತರೆ ದರ ಇಳಿಯುವುದು ಹೇಗೆ? ಲಂಚದ ಮಾತೇ ಬೇಡ. ತನ್ನ ಕಂಪನಿಯ ಪದ್ಧತಿಯೇ ಶ್ರೇಷ್ಠವೆಂದು ಪ್ರಾಮಾಣಿಕವಾಗಿ ನಂಬಿದವನೂ ಸಣ್ಣ ಕಾರ್ಖಾನೆಗಳನ್ನು ಹೊರಗಿಡುತ್ತಾನೆ ಎಂಬುದು ಸಮಿತಿಯ ಅಭಿಪ್ರಾಯ. 1942ರ ಜನವರಿಯಲ್ಲಿ ಈ ಟೀಕೆ ಪ್ರಕಟವಾಗುವ ಹೊತ್ತಿಗೆ ಅಧ್ಯಕ್ಷ ರೂಸ್‌ವೆಲ್ಟ್ ಅವರು ಹಳೆಯ ವ್ಯವಸ್ಥೆಯನ್ನು ತೆಗೆದು ಡೊನಾಲ್ಡ್ ನೆಲ್ಸನ್ ಅವರ ನೇತೃತ್ವದಲ್ಲಿ ಯುದ್ಧ ಉತ್ಪಾದನಾ ಮಂಡಳಿಯನ್ನು ರಚಿಸಿದರು.

ಅಷ್ಟರಲ್ಲಿ ಪರ್ಲ್ ಹಾರ್ಬರಿನ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿದಿತ್ತು. ಇನ್ನು ಸಮಿತಿ ಬೇಡ, ಅದರ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲೇ ಅಧಿಕಾರಿಗಳ ಹೊತ್ತು ಹೋಗುತ್ತದೆ ಎಂದು ಯುದ್ಧ ಇಲಾಖೆಯ ಹಿರಿಯರು ಅಧ್ಯಕ್ಷರನ್ನು ಒತ್ತಾಯಿಸಿದರು. ರೂಸ್‌ವೆಲ್ಟ್ ಒಪ್ಪಲಿಲ್ಲ. 1942ರ ಏಪ್ರಿಲಿನಲ್ಲಿ ಸಂಸತ್ತು ಮತ್ತೊಂದು ಆಯುಧವನ್ನು ಕೊಟ್ಟಿತು: ಸಹಿಯಾದ ಗುತ್ತಿಗೆಯನ್ನೂ ಮರಳಿ ತೆರೆದು ಮಿತಿಮೀರಿದ ಲಾಭವನ್ನು ವಾಪಸು ಪಡೆಯುವ ಮರುಮಾತುಕತೆಯ ಕಾನೂನು. ಹೊಸ ಸರಕನ್ನು ಮೊದಲ ಸಲ ತಯಾರಿಸುವಾಗ ಅದರ ನಿಜವಾದ ವೆಚ್ಚ ಯಾರಿಗೂ ತಿಳಿದಿರುವುದಿಲ್ಲ. ಸಾವಿರಾರು ತಯಾರಾದ ಬಳಿಕ ವೆಚ್ಚ ಇಳಿಯುತ್ತದೆ, ಹಳೆಯ ದರ ಮಾತ್ರ ಉಳಿದಿರುತ್ತದೆ. ಆ ಅಂತರವನ್ನು ಹಿಂಪಡೆಯುವುದು ಕಾನೂನಿನ ಆಶಯ.

ಜೀವದ ಬೆಲೆ

ಗುತ್ತಿಗೆಯ ದೋಷ ಬರೀ ಹಣದ ನಷ್ಟವಲ್ಲವೆಂಬುದು ಮುಂದಿನ ವಿಚಾರಣೆಗಳಲ್ಲಿ ಸ್ಪಷ್ಟವಾಯಿತು. ಮಾರ್ಟಿನ್ ಕಂಪನಿಯ ಬಿ-26 ಬಾಂಬರ್ ವಿಮಾನಗಳು ತರಬೇತಿಯಲ್ಲಿಯೇ ಉರುಳುತ್ತಿದ್ದವು. ರೆಕ್ಕೆಯ ಅಗಲ ಸಾಲದೆಂಬುದು ತಿಳಿದಿದ್ದರೂ ನಕ್ಷೆ ಮುಂದುವರಿದಿತ್ತು, ಗುತ್ತಿಗೆ ಆಗಲೇ ಕೈಯಲ್ಲಿತ್ತು. ಗುತ್ತಿಗೆಯನ್ನು ರದ್ದುಮಾಡಲೂ ಬಹುದು ಎಂದು ಟ್ರೂಮನ್ ಅವರು ಕಂಪನಿಯ ಒಡೆಯರಿಗೆ ತಿಳಿಸಿದ ಮೇಲೆ ರೆಕ್ಕೆ ಬದಲಾಯಿತು. ಒಹಾಯೊ ರಾಜ್ಯದ ಲಾಕ್‌ಲ್ಯಾಂಡಿನಲ್ಲಿ ಕರ್ಟಿಸ್-ರೈಟ್ ಕಂಪನಿಯ ಕಾರ್ಖಾನೆ ದೋಷವುಳ್ಳ ವಿಮಾನ ಎಂಜಿನುಗಳನ್ನು ಕಳುಹಿಸುತ್ತಿದೆ, ಅವನ್ನು ತಡೆಯಬೇಕಾದ ತಪಾಸಣೆಗಾರರ ಮೇಲೆ ಒತ್ತಡ ಬರುತ್ತಿದೆ ಎಂದು 1943ರ ಜುಲೈಯಲ್ಲಿ ಸಮಿತಿ ವರದಿ ಮಾಡಿತು. ಸೇನೆ ಮೊದಲು ಅದನ್ನು ಅಲ್ಲಗಳೆಯಿತು. ಮುಂದಿನ ವರ್ಷ ಸೇನೆಯ ಮೂವರು ಅಧಿಕಾರಿಗಳು ಕರ್ತವ್ಯಲೋಪಕ್ಕಾಗಿ ಸೇನಾ ನ್ಯಾಯಾಲಯದಲ್ಲಿ ತಪ್ಪಿತಸ್ಥರಾದರು. ಪೆನ್ಸಿಲ್ವೇನಿಯದ ಅರ್ವಿನ್ ಉಕ್ಕಿನ ಕಾರ್ಖಾನೆಯಲ್ಲಿ ಹಡಗಿನ ಉಕ್ಕಿನ ಹಲಗೆಗಳ ಪರೀಕ್ಷೆಯ ಅಂಕಿಗಳನ್ನೇ ತಿದ್ದಲಾಗುತ್ತಿತ್ತೆಂಬುದೂ 1943ರಲ್ಲಿಯೇ ಬಯಲಾಯಿತು.

ತಪ್ಪು ಯಾವಾಗಲೂ ಕಂಪನಿಯದೇ ಆಗಿರಲಿಲ್ಲ. ಟ್ಯಾಂಕುಗಳನ್ನು ದಡಕ್ಕಿಳಿಸುವ ದೋಣಿಗಾಗಿ ನೌಕಾಪಡೆಯ ಹಡಗು ವಿಭಾಗ ತನ್ನದೇ ವಿನ್ಯಾಸಕ್ಕೆ ಅಂಟಿಕೊಂಡಿತ್ತು. ನ್ಯೂ ಆರ್ಲಿಯನ್ಸಿನ ಆಂಡ್ರ್ಯೂ ಹಿಗಿನ್ಸ್ ಎಂಬ ಹೊರಗಿನವರ ದೋಣಿಯನ್ನು ದೂರವಿಟ್ಟಿತ್ತು. 1942ರ ಮೇ ತಿಂಗಳಲ್ಲಿ ಎರಡನ್ನೂ ಒರಟು ಕಡಲಿಗೆ ಇಳಿಸಿದಾಗ ಹಿಗಿನ್ಸರ ದೋಣಿ ಗೆದ್ದಿತು. ಕಡಿಮೆ ದರಕ್ಕಿಂತ ಮೊದಲು ಸರಿಯಾದ ಪರೀಕ್ಷೆ ಬೇಕೆಂಬುದಕ್ಕೆ ಆ ದಿನ ಸಾಕ್ಷಿ. ಕೆನಡದ ಉತ್ತರದಿಂದ ತೈಲ ತರಲು ಕೈಗೊಂಡ ಕ್ಯಾನೊಲ್ ಕೊಳವೆ ಯೋಜನೆಯನ್ನು ಸರಿಯಾದ ಅಧ್ಯಯನವಿಲ್ಲದೆ ಆರಂಭಿಸಲಾಗಿತ್ತು. ಅದು 13 ಕೋಟಿ ಡಾಲರಿಗೂ ಹೆಚ್ಚು ನುಂಗಿ, ಯುದ್ಧಾನಂತರ ಪಾಳುಬಿತ್ತು. ಅದನ್ನು ನಿಲ್ಲಿಸಬೇಕೆಂಬ ಸಮಿತಿಯ ಮಾತನ್ನು ಸೇನೆ ಕೇಳಲಿಲ್ಲ.

ಕೇಳದೆ ಬಿಟ್ಟ ಒಂದು ಲೆಕ್ಕ

1943ರ ಜೂನಿನಲ್ಲಿ ಸಮಿತಿಯ ತನಿಖೆಗಾರರು ವಾಷಿಂಗ್ಟನ್ ರಾಜ್ಯದ ಪಾಸ್ಕೋ ಬಳಿ ಭಾರಿ ಕಾಮಗಾರಿಯೊಂದರ ಜಾಡು ಹಿಡಿದರು. ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಅವರು ಟ್ರೂಮನ್ ಅವರಿಗೆ ದೂರವಾಣಿ ಮಾಡಿ, ಅದು ಅತಿ ರಹಸ್ಯದ ಕೆಲಸ, ಅಲ್ಲಿಗೆ ಕೈಹಾಕಬೇಡಿ ಎಂದು ಕೇಳಿಕೊಂಡರು. ಟ್ರೂಮನ್ ಅವರು ಒಪ್ಪಿ ವಿಚಾರಣೆಯನ್ನು ನಿಲ್ಲಿಸಿದರು. ಅದು ಹ್ಯಾನ್‌ಫರ್ಡ್, ಅಣುಬಾಂಬಿಗೆ ಪ್ಲುಟೋನಿಯಂ ತಯಾರಾಗುತ್ತಿದ್ದ ಸ್ಥಳ. ಇಡೀ ಅಣುಬಾಂಬು ಯೋಜನೆಗೆ ಸುಮಾರು 200 ಕೋಟಿ ಡಾಲರು ಖರ್ಚಾಯಿತು. ವಿಚಿತ್ರವೆಂದರೆ ಹ್ಯಾನ್‌ಫರ್ಡಿನ ಗುತ್ತಿಗೆ ಪಡೆದ ಡುಪಾಂಟ್ ಕಂಪನಿಯ ನಿಗದಿತ ಶುಲ್ಕ ಒಂದೇ ಒಂದು ಡಾಲರು. ಹಿಂದಿನ ಯುದ್ಧದ ಲಾಭಕೋರರೆಂಬ ಅಪವಾದ ಮತ್ತೆ ಬೇಡವೆಂದು ಕಂಪನಿಯೇ ಲಾಭವನ್ನು ಬಿಟ್ಟುಕೊಟ್ಟಿತ್ತು.

ಅವರು ಲೆಕ್ಕ ಕೇಳದೆ ಬಿಟ್ಟ ಆ ಯೋಜನೆಯ ಫಲವೇ ಎರಡು ವರ್ಷಗಳ ಬಳಿಕ ಅವರ ಮೇಜಿನ ಮೇಲೆ ಬಂದು ಕುಳಿತಿತು. ಸಮಿತಿಯ ಕೆಲಸದಿಂದ ದೇಶದಾದ್ಯಂತ ಹೆಸರಾಗಿದ್ದ ಅವರನ್ನು ಡೆಮಾಕ್ರಟಿಕ್ ಪಕ್ಷ 1944ರ ಜುಲೈಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿತು; ಆಗಸ್ಟಿನಲ್ಲಿ ಅವರು ಸಮಿತಿಯನ್ನು ತೊರೆದರು. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ನಿಧನರಾದಾಗ ಅಧ್ಯಕ್ಷರಾದರು. ಬಾಂಬಿನ ಪೂರ್ಣ ವಿವರ ಸ್ಟಿಮ್ಸನ್ ಅವರಿಂದ ಅವರಿಗೆ ತಿಳಿದದ್ದು ಏಪ್ರಿಲ್ 25ರಂದು. ಮುಂದಿನದು ಲೋಕಕ್ಕೆ ಗೊತ್ತಿದೆ. ರಹಸ್ಯದ ಬಾಗಿಲ ಹೊರಗೆ ನಿಂತ ಪ್ರಶ್ನೆಗಾರ ಒಳಗೆ ಬಂದಾಗ ಕೇಳಬೇಕಾದ ಪ್ರಶ್ನೆ ಹಣದ್ದಾಗಿ ಉಳಿದಿರಲಿಲ್ಲ.

ಅಧ್ಯಕ್ಷರ ಸಹಿ, ಅಧ್ಯಕ್ಷರ ಎಚ್ಚರಿಕೆ

1948ರ ಫೆಬ್ರವರಿ 19ರಂದು ಟ್ರೂಮನ್ ಅವರು ಸೇನಾ ಖರೀದಿಯ ಹೊಸ ಕಾನೂನಿಗೆ ಸಹಿ ಹಾಕಿದರು. ಮುಚ್ಚಿದ ಲಕೋಟೆಯ ಟೆಂಡರೇ ನಿಯಮ. ಮಾತುಕತೆಯ ಮೂಲಕ ಗುತ್ತಿಗೆ ಕೊಡಲು 17 ವಿಶೇಷ ಸಂದರ್ಭಗಳಲ್ಲಿ ಮಾತ್ರ ಅವಕಾಶ. ವೆಚ್ಚದ ಮೇಲೆ ಶೇಕಡಾವಾರು ಲಾಭದ ಗುತ್ತಿಗೆಗೆ ನಿಷೇಧ. ಸಹಿ ಹಾಕಿದ ದಿನವೇ ರಕ್ಷಣಾ ಕಾರ್ಯದರ್ಶಿಗೆ ಪತ್ರ ಬರೆದು, ಅವಸರ ಮತ್ತು ಅನುಕೂಲದ ಹೆಸರಿನಲ್ಲಿ ಮಾತುಕತೆಯ ಗುತ್ತಿಗೆಗಳು ಮಿತಿಮೀರಬಹುದು, ದೊಡ್ಡ ಕಂಪನಿಗಳಿಗೇ ಎಲ್ಲ ಹೋಗಬಹುದು ಎಂದು ಎಚ್ಚರಿಸಿದರು.

ಆ ಎಚ್ಚರಿಕೆಯನ್ನು ಸೋಲಿಸಿದ ಘಟನೆಯೂ ಅವರ ಕೈಯಿಂದಲೇ ನಡೆಯಿತು. ಕೊರಿಯಾ ಯುದ್ಧದ ನಡುವೆ, 1950ರ ಡಿಸೆಂಬರ್ 16ರಂದು ಅವರು ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿದರು. ತುರ್ತುಸ್ಥಿತಿ ಆ ಹದಿನೇಳು ವಿನಾಯಿತಿಗಳಲ್ಲಿ ಒಂದು. ಅಲ್ಲಿಂದ ಮಾತುಕತೆಯ ಗುತ್ತಿಗೆಯೇ ರೂಢಿಯಾಗಿ ಟೆಂಡರು ಹಿಂದೆ ಸರಿಯಿತು. ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ಸರಕಾರಿ ಸಾಲ ಸಂಸ್ಥೆಯ ಮತ್ತು ತೆರಿಗೆ ಇಲಾಖೆಯ ಹಗರಣಗಳೂ ಹೊರಬಿದ್ದವು. ಸ್ವಂತ ಮನೆಯ ಕಸವನ್ನು ಗುಡಿಸಲು ಅವರು ತಡಮಾಡಿದರೆಂಬ ಟೀಕೆ ಉಳಿಯಿತು. ಗುತ್ತಿಗೆದಾರರು ಮಾತುಕತೆಯ ವೇಳೆ ತಮ್ಮ ನಿಜವಾದ ವೆಚ್ಚದ ಲೆಕ್ಕವನ್ನು ಪ್ರಮಾಣೀಕರಿಸಿ ತೋರಿಸಬೇಕೆಂಬ ಕಾನೂನು ಬಂದದ್ದು 1962ರಲ್ಲಿ, ಅವರು ಅಧಿಕಾರ ಬಿಟ್ಟು ಒಂಬತ್ತು ವರ್ಷಗಳಾದ ಮೇಲೆ.

ಕೊನೆಯ ವರ್ಷಗಳು

1953ರ ಜನವರಿಯಲ್ಲಿ ಟ್ರೂಮನ್ ದಂಪತಿಗಳು ಇಂಡಿಪೆಂಡೆನ್ಸ್ ಪಟ್ಟಣದ ಹಳೆಯ ಮನೆಗೆ ಮರಳಿದರು. ಮಾಜಿ ಅಧ್ಯಕ್ಷರಿಗೆ ಆಗ ಪಿಂಚಣಿ ಇರಲಿಲ್ಲ. ಸೇನೆಯಿಂದ ಬರುತ್ತಿದ್ದ ತಿಂಗಳಿಗೆ 112 ಡಾಲರು ಚಿಲ್ಲರೆ ಮಾತ್ರ. ದೊಡ್ಡ ಕಂಪನಿಗಳು ಭಾರಿ ಸಂಬಳದ ಹುದ್ದೆಗಳನ್ನು ಮುಂದಿಟ್ಟವು. ಅವು ತಮಗಾಗಿ ಬಂದವಲ್ಲ, ತಾವಿದ್ದ ಪದವಿಯನ್ನು ಕೊಳ್ಳಲು ಬಂದವು ಎಂದು ಅವರು ನಿರಾಕರಿಸಿದರು. 1958ರಲ್ಲಿ ಮಾಜಿ ಅಧ್ಯಕ್ಷರಿಗೆ ಪಿಂಚಣಿಯ ಕಾನೂನು ಬಂತು. 1972ರ ಡಿಸೆಂಬರ್ 26ರಂದು, 88ನೆಯ ವಯಸ್ಸಿನಲ್ಲಿ, ಕನ್ಸಾಸ್ ಸಿಟಿಯಲ್ಲಿ ಅವರು ನಿಧನರಾದರು.

ಅವರು ತೊರೆದ ಬಳಿಕವೂ ಸಮಿತಿ 1948ರ ತನಕ ನಡೆಯಿತು. 432 ಬಹಿರಂಗ ವಿಚಾರಣೆಗಳಲ್ಲಿ 1,798 ಸಾಕ್ಷಿಗಳನ್ನು ಕೇಳಿತು. ಅದಕ್ಕಾದ ಖರ್ಚು ಒಟ್ಟು 10 ಲಕ್ಷ ಡಾಲರಿಗೂ ಕಡಿಮೆ. ಉಳಿಸಿದ ಹಣವನ್ನು ಶತಕೋಟಿಗಳಲ್ಲಿ ಅಂದಾಜಿಸುತ್ತಾರೆ.

ಈ ಬದುಕಿನಿಂದ ತಿಳಿಯುವುದು ಸರಳ. ಚೌಕಾಸಿಯಿಂದ ಮಾತ್ರ ಸರಕಾರದ ವೆಚ್ಚ ಇಳಿಯುವುದಿಲ್ಲ. ಗುತ್ತಿಗೆಯ ಪತ್ರ ಯಾವ ನಡತೆಗೆ ಲಾಭ ಕೊಡುತ್ತದೆ, ಮೇಜಿನ ಎರಡು ಬದಿಗಳಲ್ಲಿ ಕುಳಿತವರು ನಿಜವಾಗಿ ಬೇರೆ ಬೇರೆಯವರೇ, ಬಾಡಿಗೆಯ ಯಂತ್ರ ಯಾರದು, ತಪಾಸಣೆಗಾರನಿಗೆ ಬೇಡವೆನ್ನುವ ಸ್ವಾತಂತ್ರ್ಯವಿದೆಯೇ ಎಂದು ಕೇಳಬೇಕು; ಮತ್ತು ಯಾರಾದರೊಬ್ಬರು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು. ನಮ್ಮ ಗಡಿಯೂರುಗಳ ಶಾಲಾ ಕಟ್ಟಡಕ್ಕೂ ಪಂಚಾಯತಿಯ ರಸ್ತೆಗೂ ಇವೇ ಪ್ರಶ್ನೆಗಳು ಸಾಕು. ಅವನ್ನು ಕೇಳಬೇಕಾದರೆ ಕಾಮಗಾರಿಯ ಫಲಕವೂ ಅಂದಾಜು ಪಟ್ಟಿಯೂ ಅಲ್ಲಿನ ಜನ ಓದಬಲ್ಲ ಭಾಷೆಯಲ್ಲಿರಬೇಕು. ಓದಲಾಗದ ಲೆಕ್ಕವನ್ನು ಪ್ರಶ್ನಿಸುವವರಿಲ್ಲ. ಫೋರ್ಟ್ ಲೆನಾರ್ಡ್ ವುಡ್ಡಿನ ದುಂದು ಮೊದಲು ಬಯಲಾದದ್ದು ಯಾವ ಸಮಿತಿಯಿಂದಲೂ ಅಲ್ಲ, ಕಂಡದ್ದನ್ನು ಕಾಗದದಲ್ಲಿ ಬರೆದು ಕಳುಹಿಸಿದ ಸಾಮಾನ್ಯ ಮತದಾರರಿಂದ.